ದುರ್ಗದ ಬಿಸಿಲಿಗೊಂದು ನೀಲಿ ಹಾಳೆ

ಆಷಾಢ ಬಂತು ಅಂದ್ರೆ ದಾವಣಗೆರೆ, ಚಿತ್ರದುರ್ಗದ ಮದುವೆ ಫೋಟೋಗ್ರಾಫರ್ ಹುಡುಗರ ಕೈ ಖಾಲಿ. ಲೆನ್ಸಿನ ಕಂತು ಮಾತ್ರ ಖಾಲಿ ಬಿಡಲ್ಲ. ಆ ತಿಂಗಳು ಹೊಸ ಕ್ಯಾಮೆರಾದ ವಿಡಿಯೊ ನೋಡ್ತಾ ಕೂರೋ ಬದಲು, ರಾಸಾಯನಿಕ ಬಳಿದ ಹಾಳೆ ಮೇಲೆ ಬಿಸಿಲಿಂದಲೇ ನೀಲಿ ಚಿತ್ರ ಮೂಡಿಸೋ ಸೈನೋಟೈಪ್ ಕಲೀರಿ. ಮಂಟಪದ ಎಲ್‌ಇಡಿ ಬೆಳಕಲ್ಲಿ ಎಲ್ಲಾ ಮದುಮಕ್ಕಳಿಗೂ ಎಡಿಟಿಂಗಿನ ಅದೇ ರೆಡಿಮೇಡ್ ಬಣ್ಣದ ಪ್ರಿಸೆಟ್ ಬಳಿದು ಬಳಿದು ಜಡ್ಡುಗಟ್ಟಿದ ಕಣ್ಣಿಗೆ ಇದಕ್ಕಿಂತ ಅಗ್ಗದ ಮದ್ದಿಲ್ಲ. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದ ವಿದ್ಯೆ. ಎಂಜಿನಿಯರುಗಳ ನೀಲಿನಕ್ಷೆ ಇದರದೇ ಕೂಸು.

ಬೇಕಾಗೋದು ಎರಡೇ ರಾಸಾಯನಿಕ. ಹಸಿರು ಬಗೆಯ ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ, ಪೊಟ್ಯಾಸಿಯಂ ಫೆರಿಸೈನೈಡ್ 10 ಗ್ರಾಂ. ಒಂದೊಂದನ್ನೂ 100 ಮಿಲಿ ಡಿಸ್ಟಿಲ್ಡ್ ವಾಟರಲ್ಲಿ ಕರಗಿಸಿ, ಬೇರೆ ಬೇರೆ ಕಂದು ಬಾಟಲಿಯಲ್ಲಿಡಿ. ಮೊದಲನೆಯದಕ್ಕೆ ಬೂಸ್ಟು ಹಿಡಿಯುತ್ತೆ, ಹಿಡಿದರೆ ಸೋಸಿಕೊಳ್ಳಿ. ‘ಸೈನೈಡ್’ ಅಂತ ಕೇಳಿ ಬೆಚ್ಚೋದು ಬೇಡ, ಅಸಡ್ಡೆಯೂ ಬೇಡ: ಗಟ್ಟಿ ಆಸಿಡ್ ತಾಗಿಸಬಾರದು, ಕಾಯಿಸಬಾರದು, ಅಡುಗೆಮನೆ ಚಮಚ ಹಾಕಬಾರದು. ಕೈಗೆ ಗ್ಲೌಸ್ ಇರಲಿ.

ಅವತ್ತಿಗೆ ಬೇಕಾದಷ್ಟನ್ನೇ ಸಮಸಮ ಬೆರೆಸಿ. ಎ4 ಅಳತೆಯ ದಪ್ಪನೆಯ 300 ಜಿಎಸ್‌ಎಂ ವಾಟರ್‌ಕಲರ್ ಹಾಳೆಗೆ ಸುಮಾರು 3 ಮಿಲಿ ಸಾಕು. ಬ್ರಶ್‌ನಲ್ಲಿ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ತೆಳ್ಳಗೆ ಎಳೆದು ಕತ್ತಲಲ್ಲಿ ಒಣಗಿಸಿ. ಬ್ರಶ್‌ಗೆ ತಗಡಿನ ಪಟ್ಟಿ ಇದ್ದರೆ ನೀಲಿ ಚುಕ್ಕೆ ಬೀಳುತ್ತೆ. ಸ್ಪಂಜಿನ ಬ್ರಶ್ ವಾಸಿ. ಹಾಳೆ ಪೂರ್ತಿ ಆರದಿದ್ದರೆ ಗಾಜಿನಡಿ ಬೆವರಿ ಕಲೆಯಾಗುತ್ತೆ.

ನೆಗೆಟಿವ್‌ಗೆ ಫೋಟೋನ ಕಪ್ಪು-ಬಿಳುಪು ಮಾಡಿ, ಕಪ್ಪಿದ್ದಲ್ಲಿ ಬಿಳಿ, ಬಿಳಿಯಿದ್ದಲ್ಲಿ ಕಪ್ಪು ಆಗೋ ಹಾಗೆ ತಿರುಗುಮುರುಗು ಮಾಡಿ, ಪಾರದರ್ಶಕ ಓಎಚ್‌ಪಿ ಶೀಟಿನ ಮೇಲೆ ಇಂಕ್‌ಜೆಟ್‌ನಲ್ಲಿ ತೆಗೆಸಿ. ಝೆರಾಕ್ಸ್ ಅಂಗಡಿಯ ಲೇಸರ್ ಪ್ರಿಂಟಿನ ಕಪ್ಪು ತೆಳು. ಎರಡು ಶೀಟು ಒಂದರ ಮೇಲೊಂದು ಜೋಡಿಸಿದರೆ ನಡೆಯುತ್ತೆ. ಚಿತ್ರ ಯಾವುದಾದರೂ ಆಗಲ್ಲ. ನಡುಮಧ್ಯಾಹ್ನ ತೆಗೆದ ಕೋಟೆಯ ಬಂಡೆ ಸಪ್ಪೆ ನೀಲಿ ಗೋಡೆಯಾಗುತ್ತೆ. ಬೆಳಗಿನ ಓರೆ ಬಿಸಿಲಲ್ಲಿ ತೆಗೆದದ್ದರಲ್ಲಿ ಕಲ್ಲಿನ ಒಂದೊಂದು ಸೀಳೂ ಏಳುತ್ತೆ. ದುರ್ಗದ ಪಕ್ಕದ ಜೋಗಿಮಟ್ಟಿ ಬೆಟ್ಟದ ಕಡೆಯ ಗಾಳಿಯಂತ್ರಗಳು ಈ ನೀಲಿಗೆ ಹೇಳಿ ಮಾಡಿಸಿದಂಗಿವೆ. ಕ್ಯಾಮೆರಾನೇ ಬೇಡ ಅಂದ್ರೆ ಒತ್ತಿ ಒಣಗಿಸಿದ ಬೇವಿನೆಲೆ ಇಡಿ.

ಹಾಳೆ, ನೆಗೆಟಿವ್, ಮೇಲೊಂದು ಗಾಜು, ಸುತ್ತ ಕ್ಲಿಪ್ಪು. ಆಷಾಢದ ಗಾಳಿಗೆ ಕ್ಲಿಪ್ಪು ಸಡಿಲಾದರೆ ಚಿತ್ರ ಎರಡೆರಡಾಗಿ ಕಾಣುತ್ತೆ. ಬೇಸಿಗೆಯ ನೆತ್ತಿ ಬಿಸಿಲಿಗೆ 10-15 ನಿಮಿಷ ಹಿಡಿದರೆ, ಮೋಡ ಕವಿದ ದಿನ ಅರ್ಧ ಗಂಟೆಯ ಮೇಲೂ ಬೇಕಾದೀತು. ಗಡಿಯಾರಕ್ಕಿಂತ ಬಣ್ಣ ನಂಬಿ: ನೆಗೆಟಿವ್ ಇಲ್ಲದ ಅಂಚು ಹಳದಿ-ಹಸಿರಿಂದ ನೀಲಿಗೆ ಹೋಗಿ, ಬೂದುಗಟ್ಟಿ, ಕಂಚಿನ ಹೊಳಪು ಬರಬೇಕು. ನೀಲಿ ಕಂಡಿತು ಅಂತ ಅವಸರಪಟ್ಟರೆ ತೊಳೆಯುವಾಗ ಚಿತ್ರವೇ ನೀರಿನ ಜೊತೆ ಹೊರಟುಹೋಗುತ್ತೆ.

ನಮ್ಮ ಕಡೆ ಹುಡುಗರು ಸೋಲೋದು ತೊಳೆಯೋದರಲ್ಲೇ. ಬೋರ್‌ವೆಲ್ಲಿನ ಗಡಸು, ಕ್ಷಾರದ ನೀರು ಈ ನೀಲಿಯನ್ನ ತಿಂದುಹಾಕುತ್ತೆ. ತಪ್ಪು ರಾಸಾಯನಿಕದ್ದೇ ಅಂದ್ಕೊಂಡು ಹೊಸ ಡಬ್ಬಿ ತರಿಸ್ತಾರೆ ಪಾಪ. ಮೊದಲ ನೀರಿಗೆ ಲೀಟರಿಗೆ ಒಂದೆರಡು ಚಮಚ ಬಿಳಿ ವಿನೆಗರ್ ಹಾಕಿ, ಆಮೇಲೆ ಮಳೆನೀರಲ್ಲಿ ಹಳದಿ ಬಿಡೋದು ನಿಲ್ಲೋತನಕ ಜಾಲಾಡಿ. ಸೋಪಿನ ಕೈಯಲ್ಲಿ ಮುಟ್ಟಲೇಬೇಡಿ.

ನೆರಳಲ್ಲಿ ಒಣಹಾಕಿ. ಒಂದು ದಿನ ಕಳೆದರೆ ನೀಲಿ ಇನ್ನಷ್ಟು ಗಾಢವಾಗುತ್ತೆ. ಬಿಸಿಲು ಬೀಳೋ ಗೋಡೆಗೆ ತೂಗುಹಾಕಿ ಮಾಸಿತೋ, ತೆಗೆದು ಬೀರುವಿನಲ್ಲಿ ಕೆಲವು ದಿನ ಕತ್ತಲಲ್ಲಿಡಿ. ಹೋದ ಬಣ್ಣ ಬಹುಪಾಲು ವಾಪಸ್ ಬರುತ್ತೆ.