ಚುರುಕು ಮುಟ್ಟಿಸಿಕೊಂಡ ನಗರಗಳು

ನಮ್ಮ ಬಡಾವಣೆಯ ಮುಖ್ಯರಸ್ತೆಯನ್ನು ಕಳೆದ ವಾರ ಮತ್ತೆ ಅಗೆದರು. ಅಗೆದ ಗುಂಡಿಯ ಅಂಚಿನಲ್ಲೇ ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಯ 'ಸ್ಮಾರ್ಟ್ ರಸ್ತೆ' ಎಂಬ ಫಲಕ ಉಳಿದುಕೊಂಡಿದ್ದು, ಬುಡದ ಮಣ್ಣು ಕುಸಿದಿರುವುದರಿಂದ ಅದು ಒಳಗೆ ಏನು ನಡೆಯುತ್ತಿದೆಯೆಂದು ಇಣುಕಿ ನೋಡುವ ಭಂಗಿಯಲ್ಲಿ ಬಾಗಿ ನಿಂತಿದೆ. ಅದನ್ನು ಓದುತ್ತಾ ನಡೆದ ತಪ್ಪಿಗೆ ನನ್ನ ಬಲಗಾಲಿನ ಹೆಬ್ಬೆರಳು ಮೇಲೆದ್ದ ಗ್ರಾನೈಟ್ ಚಪ್ಪಡಿಗೆ ಬಡಿಯಿತು. ಮನೆಗೆ ಬಂದು ಬೆರಳಿಗೆ ಅರಿಸಿನ ಮೆತ್ತಿಕೊಂಡು, ಈ ಸ್ಮಾರ್ಟ್ ಎಂಬ ಪದಕ್ಕೆ ನಿಜವಾಗಿ ಏನರ್ಥವೆಂದು ನಿಘಂಟು ತೆರೆದೆ. ತೆರೆದ ಮೇಲೆ, ಇಷ್ಟು ವರ್ಷ ಆಳುವವರನ್ನು ಸುಮ್ಮನೆ ಬೈದೆನಲ್ಲ ಎಂದು ನಾಚಿಕೆಯಾಯಿತು.

ಹಳೆಯ ಇಂಗ್ಲಿಷಿನಲ್ಲಿ ಈ ಪದ ಹುಟ್ಟಿದ್ದೇ ನೋವಿನಿಂದ. ಅಲ್ಲಿ ಸ್ಮಾರ್ಟ್ ಎಂದರೆ ಉರಿಯುವುದು, ಚುಚ್ಚುವುದು, ಚುರ್ರೆನ್ನುವುದು. ಹೊಗೆಗೆ ಕಣ್ಣು ಉರಿದರೆ ಇಂಗ್ಲಿಷರು ಇಂದಿಗೂ ಇದೇ ಕ್ರಿಯಾಪದವನ್ನು ಬಳಸುತ್ತಾರೆ. ನೋವಿಗೆ ಜರ್ಮನರು ಹೇಳುವ ಷ್ಮೆರ್ಟ್ಸ್ ಎಂಬ ಪದ ಇದರ ದಾಯಾದಿ. ಚುಚ್ಚುವ ಏಟಿನಿಂದ ಚುಚ್ಚುವ ಮಾತಿಗೆ, ಅಲ್ಲಿಂದ ಹರಿತವಾದ ಬುದ್ಧಿಗೆ, ಅಲ್ಲಿಂದ ಇಸ್ತ್ರಿ ಮುರಿಯದ ಅಂಗಿಗೆ, ಕಡೆಗೆ ತಾನಾಗಿ ಗುರಿ ಹುಡುಕುವ ಬಾಂಬಿಗೆ ಮತ್ತು ಕಿಸೆಯಲ್ಲಿನ ಫೋನಿಗೆ ಅದು ನಡೆದುಬಂದ ದಾರಿ ಬಹಳ ಉದ್ದ. ಈ ನಡುವಿನ ಅರ್ಥಗಳ ಆಮಿಷಕ್ಕೆ ಒಳಗಾಗದೆ, ಸಾವಿರ ವರ್ಷದ ಹಿಂದಿನ ಮೂಲಾರ್ಥಕ್ಕೇ ನಿಷ್ಠವಾಗಿ ಉಳಿದವು ನಮ್ಮ ನಗರಗಳು ಮಾತ್ರ.

ಕನ್ನಡದ ಮಟ್ಟಿಗೆ ಅನುವಾದದ ಕಷ್ಟವೂ ಇಲ್ಲ. ನಮ್ಮ 'ಚುರುಕು' ಇದೇ ದಾರಿಯಲ್ಲಿ ಓಡಾಡಿದ ಪದ. ಹುಡುಗ ಚುರುಕಾಗಿದ್ದಾನೆ ಎಂದರೆ ಹೊಗಳಿಕೆ; ಬಿಸಿಲು ಚುರುಕಾಗಿದೆ ಎಂದರೆ ಎಚ್ಚರಿಕೆ; ಅದೇ ಹುಡುಗನಿಗೆ ಚುರುಕು ಮುಟ್ಟಿಸಿದರು ಎಂದರೆ ಮುಂದಿನದನ್ನು ಅವನ ಬೆನ್ನನ್ನೇ ಕೇಳಬೇಕು. ಜರ್ಮನಿಯಿಂದ ಬಂದು, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಕನ್ನಡಕ್ಕೆ ದೊಡ್ಡ ನಿಘಂಟನ್ನು ಕೊಟ್ಟ ಕಿಟೆಲ್ ಸಾಹೇಬರು ಇಂದು ಇದ್ದಿದ್ದರೆ, ತಮ್ಮ ತಾಯ್ನುಡಿಯ ನೋವೂ ತಾವು ಕಲಿತ ನುಡಿಯ ಚುರುಕೂ ಒಂದೇ ಪಾದಚಾರಿ ಮಾರ್ಗದಲ್ಲಿ ಸಂಧಿಸಿರುವುದನ್ನು ಕಂಡು ಸಂತೋಷಪಡುತ್ತಿದ್ದರೇನೋ. ಅವರ ಆ ಮಂಗಳೂರಿನ ಹಂಪನಕಟ್ಟೆಯಲ್ಲಿ ಹಿಂದೊಮ್ಮೆ ಬೇಡವೆಂದು ಕೆಡವಿದ್ದ ಗಡಿಯಾರ ಗೋಪುರವನ್ನು ಇದೇ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಬೇಕೆಂದು ಮತ್ತೆ ಕಟ್ಟಿದ್ದಾರೆ. ಕಾಲವನ್ನು ಹಿಂದಕ್ಕೆ ತಿರುಗಿಸುವ ಗಡಿಯಾರ ಬೇರೆ ಯಾವ ದೇಶದಲ್ಲಿದೆ?

ಪರ್ಯಾಯ ಪದಗಳಿಗೂ ಕೊರತೆಯಿಲ್ಲ. ಹೆಣ್ಣು ಗಂಡು ನೋಡುವ ಶಾಸ್ತ್ರದಲ್ಲಿ 'ಬಣ್ಣ ಸ್ವಲ್ಪ ಕಡಿಮೆ, ಆದರೆ ಹುಡುಗ ಸ್ಮಾರ್ಟ್' ಎನ್ನುತ್ತಾರಲ್ಲ, ಆ ಅರ್ಥದಲ್ಲಿ ನಮ್ಮ ನಗರ ಸ್ಮಾರ್ಟ್ ಅಲ್ಲವೇ ಅಲ್ಲ, ಏಕೆಂದರೆ ಅದಕ್ಕೆ ಇರುವುದೇ ಕಾಂಪೌಂಡ್ ಗೋಡೆಗೆ ಬಳಿದ ಬಣ್ಣ. 'ಜಾಣ' ಎಂಬುದು ಇನ್ನೂ ಹತ್ತಿರದ ಪದ. ಜಾಣ ನಗರ ಎಂದೊಡನೆ ಜಾಣ ಕುರುಡು, ಜಾಣ ಕಿವುಡು, ಜಾಣ ಮರೆವು ಎಂಬ ಮೂರು ಇಲಾಖೆಗಳು ತಾವಾಗಿ ಸ್ಥಾಪನೆಯಾಗುತ್ತವೆ. ಯೋಜನೆಯ ಎಲ್ಲ 100 ನಗರಗಳಲ್ಲೂ ಕಮಾಂಡ್ ಕಂಟ್ರೋಲ್ ಕೇಂದ್ರಗಳಾಗಿದ್ದು, ಬೀದಿಯ ಕ್ಯಾಮೆರಾ ಕಂಡದ್ದನ್ನೆಲ್ಲ ಗೋಡೆಯಗಲದ ಪರದೆಯಲ್ಲಿ ಕುಳಿತೇ ನೋಡಬಹುದು. ನಮ್ಮ ಗುಂಡಿಯೂ ಅಲ್ಲಿ ಕಾಣುತ್ತಿರಬೇಕು, ಬಣ್ಣದಲ್ಲಿ. ಕಾಣದಿದ್ದರೆ ಅದು ಬರಿಯ ಕುರುಡು. ಕಂಡೂ ಕಾಣದಿರುವುದಕ್ಕೆ ಜಾಣತನ ಬೇಕು, ಅದಕ್ಕೆ ಅನುದಾನವೂ ಬೇಕು. ಮನೆಮನೆಯ ಕರೆಂಟಿಗೆ ಬಂದ ಸ್ಮಾರ್ಟ್ ಮೀಟರಿನ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಇಲ್ಲಿ ಬಿಡಿಸುವುದಿಲ್ಲ. ಅದರ ಬೆಲೆ ಕೇಳಿದ ಕ್ಷಣದಲ್ಲಿ ಹಳೆಯ ಇಂಗ್ಲಿಷ್ ಯಾರಿಗಾದರೂ ತಾನಾಗಿ ಅರ್ಥವಾಗುತ್ತದೆ.

ಈ ಪದಕ್ಕೆ ಸರ್ಕಾರವೇ ಕೊಟ್ಟ ಅರ್ಥವೇನು ಎಂಬ ಕುತೂಹಲ ನನಗಿತ್ತು. 2015ರ ಜೂನ್‌ನಲ್ಲಿ ಯೋಜನೆ ಆರಂಭವಾದಾಗ ಹೊರಡಿಸಿದ ಮಾರ್ಗಸೂಚಿ ಸ್ಮಾರ್ಟ್ ಸಿಟಿ ಎಂದರೇನು ಎಂದು ತಾನೇ ಪ್ರಶ್ನೆ ಕೇಳಿಕೊಂಡು, ಅದಕ್ಕೆ ಎಲ್ಲರೂ ಒಪ್ಪುವ ವ್ಯಾಖ್ಯೆಯೇ ಇಲ್ಲವೆಂದು ತಾನೇ ಉತ್ತರಿಸಿದೆ. ಏನೆಂದು ತಿಳಿಯದ ವಸ್ತುವಿಗೆ ಕೇಂದ್ರದ ಪಾಲೆಂದು ಗೊತ್ತುಮಾಡಿದ್ದು 48,000 ಕೋಟಿ ರೂಪಾಯಿ. ಇಷ್ಟು ಪ್ರಾಮಾಣಿಕವಾದ ಸರ್ಕಾರಿ ದಸ್ತಾವೇಜನ್ನು ನಾನು ಬೇರೆ ಕಂಡಿಲ್ಲ. ಬೆಳಗಾವಿ ಮತ್ತು ದಾವಣಗೆರೆ 2016ರ ಜನವರಿಯ ಮೊದಲ ಪಟ್ಟಿಯಲ್ಲೇ ಪಾಸಾದವು. ಅದೇ ವರ್ಷ ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು ಸೇರಿದವು. ಜಗತ್ತಿಗೆಲ್ಲ ಸಾಫ್ಟ್‌ವೇರ್ ಬರೆದುಕೊಡುವ ಬೆಂಗಳೂರು ಸ್ಮಾರ್ಟ್ ಎಂದು ಒಪ್ಪಿಕೊಳ್ಳಲ್ಪಡಲು 2017ರವರೆಗೆ ಕಾಯಬೇಕಾಯಿತು. ಯೋಜನೆಯನ್ನು ನಡೆಸಲು ಪ್ರತಿ ನಗರಕ್ಕೂ ಒಂದು ಕಂಪನಿ. ಕಡತಗಳಲ್ಲಿ ಇದಕ್ಕೆ ಸ್ಪೆಷಲ್ ಪರ್ಪಸ್ ವೆಹಿಕಲ್ ಎಂದು ಹೆಸರು. ವಾಹನವೆಂದರೂ ಇದು ರಸ್ತೆಗಿಳಿಯುವ ಜಾತಿಯದಲ್ಲ. ಇಳಿದಿದ್ದರೆ ತಾನೇ ಹಾಕಿದ ಚಪ್ಪಡಿಗೆ ಆಕ್ಸಲ್ ಮುರಿದುಕೊಂಡು ಮೊದಲ ವರ್ಷವೇ ಗ್ಯಾರೇಜು ಸೇರುತ್ತಿತ್ತು. ಐದು ವರ್ಷದ ಯೋಜನೆ ಗಡುವಿನ ಮೇಲೆ ಗಡುವು ಪಡೆದು 2025ರ ಮಾರ್ಚ್ 31ಕ್ಕೆ ಮುಗಿಯಿತು. ಯೋಜನೆ ಮುಗಿಯಿತು, ಅಗೆತ ಮುಗಿಯಲಿಲ್ಲ.

ಹಾಸ್ಯ ಮಾಡುವ ಉತ್ಸಾಹವೂ ಇಲ್ಲಿಗೆ ಮುಗಿಯುತ್ತದೆ. ಕ್ಯಾಮೆರಾ, ವೈಫೈ, ಕಂಬದ ಮೇಲಿನ ಸೆನ್ಸರ್, ಇವನ್ನು ನಮ್ಮ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ಮಳೆ ಬಂದರೆ ನೀರು ಹರಿದುಹೋಗುವ ಚರಂಡಿ ಕೇಳಿದ್ದರು. ಕೇಬಲ್ಲಿನವರು, ನೀರಿನವರು, ಗ್ಯಾಸಿನವರು ಒಬ್ಬರನ್ನೊಬ್ಬರು ಮಾತನಾಡಿಸಿ, ಅಗೆಯುವುದನ್ನು ಒಮ್ಮೆಗೇ ಅಗೆಯಿರಿ ಎಂದಿದ್ದರು. ಎದುರು ಮನೆಯ ಅಜ್ಜಿ ಔಷಧಿ ಅಂಗಡಿಯವರೆಗೆ ಇನ್ನೊಬ್ಬರ ಕೈ ಹಿಡಿಯದೆ ನಡೆಯುವಂತಾಗಬೇಕಿತ್ತು, ಅಷ್ಟೇ. ಹತ್ತು ವರ್ಷವಾಯಿತು, ಆಕೆ ಈಗ ಹೊರಗೆ ಬರುವುದನ್ನೇ ಬಿಟ್ಟಿದ್ದಾರೆ.

ನಿಘಂಟಿನಲ್ಲಿ ಇನ್ನೊಂದು ನಮೂದು ಸಿಕ್ಕಿತು: ಸ್ಮಾರ್ಟ್ ಮನಿ. ಈಗ ಷೇರುಪೇಟೆಯವರು ಅದನ್ನು ಬೇರೆ ಅರ್ಥದಲ್ಲಿ ಬಳಸುತ್ತಾರಾದರೂ, ಹಿಂದೆ ಅದು ಗಾಯಗೊಂಡ ಸೈನಿಕರಿಗೂ ನಾವಿಕರಿಗೂ ಇಂಗ್ಲೆಂಡಿನಲ್ಲಿ ಕೊಡುತ್ತಿದ್ದ ಪರಿಹಾರದ ಹಣವಾಗಿತ್ತು. ಬಲಗಾಲಿನ ಹೆಬ್ಬೆರಳಿಗೆ ಎಷ್ಟು ಬರಬಹುದೆಂದು ವಿಚಾರಿಸಲು ಹೋದೆ. ಪಾಲಿಕೆಯವರು, ಚಪ್ಪಡಿ ಸ್ಮಾರ್ಟ್ ಸಿಟಿ ಕಂಪನಿಯದೆಂದು ಕಂಪನಿಯತ್ತ ಕೈ ತೋರಿಸಿದರು. ಕಂಪನಿಯವರು ರಸ್ತೆಯನ್ನು ಎಂದೋ ಹಸ್ತಾಂತರಿಸಿದ್ದೇವೆಂದು ಪಾಲಿಕೆಯತ್ತ ತೋರಿಸಿದರು. ಎರಡು ಕಚೇರಿಗಳ ನಡುವೆ ಇರುವುದು ಅದೇ ರಸ್ತೆ. ಮರಳಿ ಬರುವಾಗ ಎಡಗಾಲಿನದ್ದೂ ಆಯಿತು.