ಬಡತನಕ್ಕೆ ಹೆಬ್ಬೆಟ್ಟೇ ಸಾಕ್ಷಿ

ಹೆಬ್ಬೆಟ್ಟು ಒತ್ತುವವರೆಂದರೆ ಒಂದು ಕಾಲಕ್ಕೆ ತಾತ್ಸಾರ. ರಾತ್ರಿಶಾಲೆಗೆ ಕೂರಿಸಿ, ಸ್ಲೇಟು ಬಳಪ ಕೊಟ್ಟು, ಸಹಿ ಹಾಕಲು ಕಲಿಸಿದ್ದಾಯಿತು. ಈಗ ರೇಷನ್ ಅಂಗಡಿಯಲ್ಲಿ ಆ ಸಹಿಗೆ ಮೂರು ಕಾಸಿನ ಕಿಮ್ಮತ್ತಿಲ್ಲ. ಎಂ.ಎ. ಮಾಡಿದವರೂ ತಂಬ್ ಕೊಡಬೇಕು.

ತಂಬ್ ಮಾತ್ರ ಸವೆದಿರಬಾರದು. ಬೀಡಿ ಕಟ್ಟಿ, ಅಡಿಕೆ ಸುಲಿದು, ಸಿಮೆಂಟು ಕಲಸಿ, ಮೂರು ಮನೆಯ ಪಾತ್ರೆ ತಿಕ್ಕಿದ ಬೆರಳಲ್ಲಿ ಗೆರೆ ಎಲ್ಲಿಂದ ಬರಬೇಕು? ಯಂತ್ರಕ್ಕೆ ಬೇಕಾದ್ದು ಗೆರೆಯೇ. ಹೀಗಾಗಿ ಹೆಚ್ಚು ದುಡಿದವರೇ ಬಡವರೆಂದು ತೋರಿಸಲಾರರು; ಕೆಲಸ ಮಾಡದ ನುಣ್ಣನೆ ಬೆರಳು ಮೊದಲ ಒತ್ತಿಗೇ ಪಾಸು. ಒಣಗಿದ ಬೆರಳು ಹಿಡಿಯುವುದಿಲ್ಲ, ತೀರಾ ಒದ್ದೆಯಾದರೂ ಹಿಡಿಯುವುದಿಲ್ಲ. ಅದಕ್ಕೇ ಸೆರಗಿಗೆ ಒರೆಸುವುದು, ತಲೆಗೂದಲಿಗೆ ಉಜ್ಜಿ ಚೂರು ಎಣ್ಣೆಪಸೆ ಹತ್ತಿಸುವುದು, ಮತ್ತೆ ಒತ್ತುವುದು. ಬಲದ್ದಾಗದಿದ್ದರೆ ಎಡದ್ದು, ಆಮೇಲೆ ತೋರುಬೆರಳು. ಹತ್ತೂ ಮುಗಿದರೆ ಓಟಿಪಿ. ಆಧಾರ್‌ಗೆ ಕೊಟ್ಟ ನಂಬರು ಮಗನದು, ಮಗ ಬೆಂಗಳೂರಲ್ಲಿ, ಫೋನು ಎತ್ತುತ್ತಿಲ್ಲ. ಅಷ್ಟರಲ್ಲಿ ಸರ್ವರ್ ಡೌನ್. ‘ನಾಳೆ ಬೆಳಿಗ್ಗೆ ಬೇಗ ಬಾ ಅಜ್ಜಿ, ಆವಾಗ ನೆಟ್ ಚೆನ್ನಾಗಿರುತ್ತೆ.’

ಇಷ್ಟಕ್ಕೂ ಬಿಪಿಎಲ್ ಕಾರ್ಡು ಉಳಿದಿದ್ದರೆ ತಾನೆ! ವರ್ಷದ ಆದಾಯ 1.20 ಲಕ್ಷ ದಾಟಬಾರದು. ಗಂಡ ಹೆಂಡತಿ ದಿನಕ್ಕೆ ತಲಾ 400 ರೂಪಾಯಿಯಂತೆ 150 ದಿನ ಕೂಲಿಗೆ ಹೋದರೆ ಲೆಕ್ಕ ಸರಿಯಾಗಿ 1.20 ಲಕ್ಷ. 151ನೇ ದಿನ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೋ, ಸಾಯಂಕಾಲಕ್ಕೆ ಸಿರಿವಂತರು. ಉಳಿದ ದಿನ ಮನೆಯಲ್ಲಿ ಬಿದ್ದುಕೊಂಡರೆ ಕಾರ್ಡು ಭದ್ರ. ಸ್ವಂತಕ್ಕೆ ಕಾರಿದ್ದರೆ ಕಾರ್ಡಿಲ್ಲ, ಅದೇ ಕಾರಿಗೆ ಹಳದಿ ಬೋರ್ಡು ಹಾಕಿ ಬಾಡಿಗೆಗೆ ಓಡಿಸಿದರೆ ಉಂಟು. ಬ್ಯಾಂಕ್ ಸಾಲ ಸಿಗಲೆಂದು ಯಾರದೋ ಮಾತು ಕೇಳಿ ಐಟಿ ರಿಟರ್ನ್ಸ್ ಹಾಕಿದ ಬೀಡಾ ಅಂಗಡಿಯವನ ಗತಿ ಮಾತ್ರ ಬೇಡ: ಒಂದು ಪೈಸೆ ತೆರಿಗೆ ಕಟ್ಟದೆಯೂ ಅವನಿಗೆ ತೆರಿಗೆದಾರನ ಪಟ್ಟ, ಕಾರ್ಡಿಗೆ ಕುತ್ತು.

ಇನ್ನು ಗೃಹಲಕ್ಷ್ಮಿಯ 2000 ರೂಪಾಯಿ. ಕಾರ್ಡಿನಲ್ಲಿ ಯಜಮಾನಿ ಯಾರೋ ಹಣ ಅವರಿಗೆ. ಒಂದೇ ಒಲೆಯ ಅತ್ತೆ ಸೊಸೆ ಬೇರೆ ಬೇರೆ ಕಾರ್ಡು ಕೇಳಿದರೆ ಜಗಳವೇ ಆಗಿರಬೇಕೆಂದೇನಿಲ್ಲ.

ಹೊಸ ಸೊಸೆಯದು ಬೇರೆಯೇ ಪಾಡು. ತವರಿನ ಕಾರ್ಡಿನಿಂದ ಹೆಸರು ತೆಗೆಸದೆ ಗಂಡನ ಕಾರ್ಡಿಗೆ ಸೇರಿಸಲಾಗದು. ತೆಗೆಸುವ ಕೆಲಸ ಬೇಗ ಆಗುತ್ತದೆ; ಸೇರಿಸಲು ಹೋದರೆ ‘ಈಗ ತಿದ್ದುಪಡಿ ಓಪನ್ ಇಲ್ಲ’. ಮದುವೆಗೆ ಬಂದವರೆಲ್ಲ ಹುಡುಗಿಯನ್ನು ಕಂಡು, ಅಕ್ಷತೆ ಹಾಕಿ, ಉಂಡು ಹೋಗಿದ್ದಾರೆ. ಅವಳ ಪಾಲಿನ ಅಕ್ಕಿ ಮಾತ್ರ ಎರಡೂ ಊರಲ್ಲಿಲ್ಲ.