ಎಲ್ಲಿ ಚಪ್ಪಾಳೆ ತಟ್ಟಬೇಕು?

ಪ್ರೋಗ್ರೆಸಿವ್ ಮೆಟಲ್ ಅಂದರೆ ಅಬ್ಬರದ ರಾಕ್ ಸಂಗೀತದ ಒಂದು ಕಗ್ಗಂಟಿನ ಕವಲು. ಅದರ ಕಾನ್ಸರ್ಟಿಗೆ ಬಂದವರ ಮುಖ ಒಮ್ಮೆ ನೋಡಬೇಕು. ಖುಷಿ ಪಡೋಕೆ ಬಂದವರು ಅಂತ ಯಾರೂ ಹೇಳಲಾರರು. ಹುಬ್ಬು ಗಂಟಿಕ್ಕಿ, ಕೈ ಕಟ್ಟಿ, ತುಟಿ ಅಲ್ಲಾಡಿಸುತ್ತಾ ನಿಂತಿರುತ್ತಾರೆ. ಗಣಿತದ ಪರೀಕ್ಷೆಯಲ್ಲಿ ಕೊನೆಯ ಹತ್ತು ನಿಮಿಷ ಉಳಿದಾಗ ಹುಡುಗರು ಕಾಣುವುದು ಹೀಗೇ. ತುಟಿ ಅಲ್ಲಾಡುವುದು ಹಾಡು ಹೇಳಿಕೊಳ್ಳೋಕಲ್ಲ. ಎಣಿಸುತ್ತಿರುತ್ತಾರೆ.

ಎಣಿಸದೆ ವಿಧಿಯಿಲ್ಲ. ಬೇರೆ ಸಂಗೀತದಲ್ಲಿ ನಾಲ್ಕು ಏಟಿಗೆ ತಲೆ ಆಡಿಸಿದರೆ ಆಯಿತು, ಮಿಕ್ಕಿದ್ದನ್ನು ಹಾಡೇ ನೋಡಿಕೊಳ್ಳುತ್ತದೆ. ಇಲ್ಲಿ ಏಳು ಏಟು ಬರುತ್ತದೆ, ಆಮೇಲೆ ಐದು, ಆಮೇಲೆ ಒಂಬತ್ತು, ನಡುವೆ ಯಾರಿಗೂ ಹೇಳದೆ ಕೇಳದೆ ಒಂದು ಆರು. ಡ್ರೀಮ್ ಥಿಯೇಟರ್ ತಂಡದ 1999ರ ಆಲ್ಬಮ್‌ನಲ್ಲಿ ಸುಮಾರು ಆರು ನಿಮಿಷದ ಒಂದು ಹಾಡಿದೆ. ಮಾತಿಲ್ಲ, ಬರೀ ವಾದ್ಯ. ಅಷ್ಟರಲ್ಲಿ ತಾಳ ನೂರಕ್ಕೂ ಜಾಸ್ತಿ ಸಲ ಬದಲಾಗುತ್ತದೆ. ಅದನ್ನು ಬಾರಿಸುವವರಿಗಿಂತ ಅದಕ್ಕೆ ತಲೆ ಆಡಿಸುವವರ ಕಷ್ಟ ದೊಡ್ಡದು. ಬಾರಿಸುವವರಿಗಾದರೂ ಮುಂದೇನು ಅಂತ ಗೊತ್ತಿರುತ್ತದೆ, ಅಲ್ವಾ? ನಾನು ಏಳಕ್ಕೆ ಒಳಗೊಳಗೇ 'ತಕಿಟ ತಕಧಿಮಿ' ಅಂದುಕೊಳ್ಳುತ್ತೇನೆ. ಏಳು ಏಳಾಗಿಯೇ ಇರುವವರೆಗೆ ಚೆನ್ನಾಗಿ ನಡೆಯುತ್ತದೆ.

ಇಂಥ ಕಡೆಗೆ ಭಾವ ನನ್ನ ಜೊತೆ ಬಂದರು. ಬರಬೇಕಾಗಿದ್ದ ಗೆಳೆಯನಿಗೆ ಜ್ವರ ಬಂತು, ಟಿಕೆಟ್ ಉಳಿಯಿತು. "ಇವರನ್ನ ಕರ್ಕೊಂಡು ಹೋಗೋ, ಮನೇಲಿದ್ರೆ ಸುಮ್ನೆ ಟೀವಿ ಚಾನೆಲ್ ಬದಲಾಯಿಸ್ತಾ ಕೂತಿರ್ತಾರೆ" ಅಂದಳು ಅಕ್ಕ. ಭಾವ ಕೇಳಿದ್ದು ಒಂದೇ ಪ್ರಶ್ನೆ: "ಕೂತ್ಕೊಳ್ಳೋಕೆ ಜಾಗ ಇರುತ್ತಾ?" ನಾನು ಬಗ್ಗಿ ಶೂ ಲೇಸ್ ಕಟ್ಟಿಕೊಂಡೆ.

ಮೆಟಲ್ ಜನರಲ್ಲಿ ಬಟ್ಟೆ ಬಗ್ಗೆ ದೊಡ್ಡ ಜಗಳವೇ ಇದೆ. ಯಾವ ಬ್ಯಾಂಡ್ ನೋಡೋಕೆ ಹೋಗುತ್ತೇವೋ ಅದೇ ಬ್ಯಾಂಡಿನ ಟೀ ಶರ್ಟ್ ಹಾಕಬಾರದು ಅಂತ ಕೆಲವರು, ಯಾಕೆ ಹಾಕಬಾರದು ಅಂತ ಮಿಕ್ಕವರು. ಬಣ್ಣದ ವಿಷಯದಲ್ಲಿ ಮಾತ್ರ ಎಲ್ಲರೂ ಒಂದೇ ಪಕ್ಷ. ಕಪ್ಪು. ಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಜೇಬಿಗೆ ಪೆನ್ ಸಿಕ್ಕಿಸಿಕೊಂಡು ಬಂದಿದ್ದರು. ಹೋಗಲಿ, ಗುಂಪಲ್ಲಿ ಹುಡುಕೋಕೆ ಸುಲಭ ಅಂದುಕೊಂಡೆ. ಸುಲಭ ಅಂದರೆ ಸಾಲದು. ದೀಪ ಆರಿಸಿ ವೇದಿಕೆಯ ಮೇಲೆ ನೇರಳೆ ಯುವಿ ಬೆಳಕು ಹಾಕಿದರು. ಬಟ್ಟೆ ಒಗೆಯುವ ಪುಡಿಯಲ್ಲಿ ಬಿಳಿ ಇನ್ನೂ ಬಿಳಿಯಾಗಿ ಕಾಣಲಿ ಅಂತ ಒಂದು ರಾಸಾಯನಿಕ ಬೆರೆಸಿರುತ್ತಾರೆ. ಯುವಿ ಬಿದ್ದರೆ ಅದು ನೀಲಿಯಾಗಿ ಹೊಳೆಯುತ್ತದೆ. ಪುಡಿ ಹಾಕುವುದರಲ್ಲಿ ಅಕ್ಕ ಯಾವತ್ತೂ ಜಿಪುಣತನ ಮಾಡಿದವಳಲ್ಲ. ಇಡೀ ಹಾಲ್ ಕತ್ತಲು. ನಡುವೆ ಭಾವ ಒಬ್ಬರೇ ಉರಿಯುತ್ತಿದ್ದರು. ಹಿಂದಿದ್ದ ಹುಡುಗ ಕಣ್ಣಿಗೆ ಕೈ ಅಡ್ಡ ಹಿಡಿದ.

ಕಿವಿಗೆ ಇಡುವ ಸ್ಪಂಜಿನ ಬೆಣೆ ಎರಡು ಜೊತೆ ತಂದಿದ್ದೆ. ಇದರಲ್ಲಿ ನಾನು ತಮಾಷೆ ಮಾಡುವುದಿಲ್ಲ. ಕೆಲಸದ ಜಾಗದ ಸದ್ದಿಗೆ ಅಮೆರಿಕದ ನಯಾಶ್ ಸಂಸ್ಥೆ ಒಂದು ಲೆಕ್ಕ ಹಾಕಿದೆ. 85 ಡೆಸಿಬೆಲ್ ಇದ್ದರೆ ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು. ಮೇಲೆ ಪ್ರತಿ 3 ಡೆಸಿಬೆಲ್‌ಗೂ ಹೊತ್ತು ಅರ್ಧ. ಹಾಗೆ ಇಳಿಯುತ್ತಾ ಹೋದರೆ 100 ಡೆಸಿಬೆಲ್‌ಗೆ 15 ನಿಮಿಷ ಸಿಗುತ್ತದೆ. ಮೆಟಲ್ ಕಾನ್ಸರ್ಟ್‌ಗಳಲ್ಲಿ 100 ದಾಟುವುದು ಮಾಮೂಲು. ನಮ್ಮ ಬ್ಯಾಂಡ್‌ಗಳ ಕೆಲವು ಹಾಡುಗಳೋ 20 ನಿಮಿಷ. ಅಂದರೆ ಕಿವಿಯ ಲೆಕ್ಕದಲ್ಲಿ ಒಂದು ಹಾಡು ಪೂರ್ತಿ ಕೇಳೋಕೂ ಅನುಮತಿ ಇಲ್ಲ. ಬೆಣೆಯನ್ನು ಬೆರಳಲ್ಲಿ ಹೊಸೆದು ಸಣ್ಣ ಮಾಡಿ, ಇನ್ನೊಂದು ಕೈಯಲ್ಲಿ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ಇಟ್ಟು, ಅದು ಅರಳುವವರೆಗೆ ಒತ್ತಿ ಹಿಡಿಯಬೇಕು. ಭಾವನಿಗೆ ಹೇಳಿಕೊಟ್ಟೆ. ಅವರು ತಮ್ಮ ಕಿವಿ ತಾವೇ ಹಿಡಿದುಕೊಂಡು ಅಷ್ಟು ಹೊತ್ತು ನಿಂತಿದ್ದನ್ನು ನೋಡಿ ಪಕ್ಕದವರು ಯಾವ ಶಿಕ್ಷೆಯೋ ಅಂತ ಸ್ವಲ್ಪ ಸರಿದು ಜಾಗ ಬಿಟ್ಟರು. ನಮಗೆ ಅನುಕೂಲವೇ ಆಯಿತು.

ಹಾಡು ಶುರುವಾಯಿತು. ಗಾಯಕ ಮೊದಲು ತುಂಬ ಇಂಪಾಗಿ ಹಾಡಿದ. ಭಾವ ಮೆಚ್ಚಿ ತಲೆದೂಗಿದರು. ಮರುಕ್ಷಣ ಅದೇ ಗಂಟಲಿಂದ ಬುಸುಗುಟ್ಟುವ ಒಂದು ಘರ್ಜನೆ ಹೊರಬಿತ್ತು. ಭಾವ ನನ್ನ ತೋಳು ಹಿಡಿದುಕೊಂಡರು. "ಏನಾಯ್ತೋ ಅವನಿಗೆ?" ಏನೂ ಆಗಿಲ್ಲ, ಅದೂ ಹಾಡೇ ಅಂತ ಹೇಳಿದೆ. ಹೊರಗಿನವರಿಗೆ ಇದನ್ನು ವಿವರಿಸುವುದು ಕಷ್ಟ. ಸ್ವೀಡನ್ನಿನ ಓಪೆಥ್ ತಂಡದ ಮಿಕಾಯೆಲ್ ಓಕರ್‌ಫೆಲ್ಟ್ 2011ರ ಆಲ್ಬಮ್‌ನಿಂದ ಘರ್ಜನೆ ನಿಲ್ಲಿಸಿ ಬರೀ ಇಂಪಾಗಿ ಹಾಡತೊಡಗಿದಾಗ ಎಷ್ಟೋ ಅಭಿಮಾನಿಗಳು ಮುನಿಸಿಕೊಂಡರು. 2024ರ ಆಲ್ಬಮ್‌ನಲ್ಲಿ ಮತ್ತೆ ಘರ್ಜಿಸಿದಾಗ ಹಬ್ಬ ಮಾಡಿದರು. ಒಬ್ಬ ಮನುಷ್ಯ ಮತ್ತೆ ಕಿರುಚಲು ಶುರುಮಾಡಿದ ಅಂತ ಇಷ್ಟು ಸಂತೋಷಪಡುವ ಜನ ಇನ್ನೆಲ್ಲೂ ಸಿಗಲಾರರು.

ಸ್ವಲ್ಪ ಹೊತ್ತಿಗೆ ಗಾಯಕ ಕಾಣೆಯಾದ. ಉದ್ದನೆಯ ವಾದ್ಯದ ಭಾಗ ಬಂದಾಗ ಗಾಯಕ ವೇದಿಕೆ ಬಿಟ್ಟು ಒಳಗೆ ಹೋಗುವುದು ಇಲ್ಲಿ ರೂಢಿ. ಡ್ರೀಮ್ ಥಿಯೇಟರ್‌ನ ಜೇಮ್ಸ್ ಲಬ್ರಿಯನ್ನು ನೋಡಿದವರಿಗೆಲ್ಲ ಇದು ಗೊತ್ತು.

"ಹಾಡೋನು ಎಲ್ಲಿ?"

"ಒಳಗೆ ಹೋಗಿದಾನೆ ಭಾವ. ಬರ್ತಾನೆ."

"ಮಧ್ಯದಲ್ಲೇ?"

"ಅವನ ಕೆಲಸ ಸದ್ಯಕ್ಕಿಲ್ಲ."

"ಸಂಬಳ ಪೂರ್ತಿ ಕೊಡ್ತಾರಾ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಕಾರ್ ಕೀ ವಿಷಯ. ಪ್ರೋಗ್ರೆಸಿವ್, ಚುಟುಕಾಗಿ ಪ್ರೋಗ್, ಹಾಡುಗಳಲ್ಲಿ ಒಂದು ದುರಭ್ಯಾಸ ಇದೆ. ಭೂಮಿ ನಡುಗುವಷ್ಟು ಬಾರಿಸುತ್ತಾ ಬಾರಿಸುತ್ತಾ ಎಲ್ಲರೂ ಒಟ್ಟಿಗೆ ಗಪ್ ಅಂತ ನಿಲ್ಲಿಸಿಬಿಡುತ್ತಾರೆ. ಒಂದೆರಡು ಸೆಕೆಂಡ್ ಸೂಜಿ ಬಿದ್ದರೂ ಕೇಳಿಸುವಷ್ಟು ಮೌನ. ಆಮೇಲೆ ಮತ್ತೆ ಶುರು. ಗೊತ್ತಿದ್ದವರು ಉಸಿರು ಹಿಡಿದು ಕಾಯುತ್ತಾರೆ. ಗೊತ್ತಿಲ್ಲದವರು ಚಪ್ಪಾಳೆ ತಟ್ಟಿಬಿಡುತ್ತಾರೆ. ಭಾವ ಆಗಲೇ ಹೀಗೆ ತಟ್ಟಿ, ಸುತ್ತಲಿನವರು ತಿರುಗಿ ನೋಡಿದ್ದರಿಂದ ಕೈಯನ್ನು ನಿಧಾನವಾಗಿ ಜೇಬಿಗೆ ಇಳಿಸಿದ್ದರು. ಜೇಬಿಗೆ ಕೈ ಹೋದಾಗಲೇ ಅವರಿಗೆ ಕೀ ನೆನಪಾಗಿದ್ದು. ಆ ಜೇಬಲ್ಲಿ ಇರಲಿಲ್ಲ. ಡ್ರಮ್ಮು, ಎಂಟು ತಂತಿಯ ಗಿಟಾರು, ಬೇಸು, ಕೀಬೋರ್ಡು ಎಲ್ಲ ಸೇರಿ ತಾರಕಕ್ಕೆ ಹೋಗಿತ್ತು. ಅದನ್ನೂ ಮೀರಿ ನನಗೆ ಕೇಳಿಸಲಿ ಅಂತ ಭಾವ ಹೊಟ್ಟೆಯಿಂದ ದನಿ ತೆಗೆದು ಕೂಗಿದರು. "ಕಾರ್ ಕೀ" ಅನ್ನುವವರೆಗೆ ಸಂಗೀತ ಇತ್ತು. "ನಿನ್ ಹತ್ರ ಇದೆಯೇನೋ?" ಅನ್ನುವಾಗ ಇರಲಿಲ್ಲ.

ಆ ಹಾಲ್ ಕಟ್ಟಿದವರು ದನಿ ಎಲ್ಲ ಮೂಲೆಗೂ ಮುಟ್ಟುವ ಹಾಗೆ ಚೆನ್ನಾಗಿ ಕಟ್ಟಿದ್ದರು. ಡ್ರಮ್ಮರ್ ಕೋಲು ಎತ್ತಿದವನು ನಕ್ಕುಬಿಟ್ಟ. ಆದರೂ ಮುಂದಿನ ಏಟು ಸರಿಯಾದ ಜಾಗಕ್ಕೇ ಬಿತ್ತು ನೋಡಿ. ಅದಕ್ಕೇ ಇವರನ್ನು ಮೆಚ್ಚುವುದು. ಕೀ ಇನ್ನೊಂದು ಜೇಬಲ್ಲಿತ್ತು.

ಜನರ ಪ್ರೀತಿಗೆ ಪ್ರತಿಯಾಗಿ ಏನಾದರೂ ಮಾಡಬೇಕು ಅನಿಸಿತೋ ಏನೋ, ಭಾವ ಎಲ್ಲರಂತೆ ಕೈ ಎತ್ತಿ ಕೊಂಬಿನ ಗುರುತು ತೋರಿಸತೊಡಗಿದರು. ಈ ಗುರುತನ್ನು ಮೆಟಲ್‌ನಲ್ಲಿ ಹರಡಿದ್ದು ಗಾಯಕ ರಾನಿ ಜೇಮ್ಸ್ ಡಿಯೊ. 1979ರಲ್ಲಿ ಬ್ಲ್ಯಾಕ್ ಸಬ್ಬತ್ ತಂಡ ಸೇರಿದ ಮೇಲೆ. ದೆವ್ವದ ಗುರುತು ಅಂತ ಕೆಲವರು ಹೆದರುತ್ತಾರೆ, ಆದರೆ ಡಿಯೊ ಅದನ್ನು ಕಲಿತದ್ದು ಇಟಲಿ ಮೂಲದ ತಮ್ಮ ಅಜ್ಜಿಯಿಂದ, ಅಜ್ಜಿ ಮಾಡುತ್ತಿದ್ದದ್ದು ದೃಷ್ಟಿ ತಾಗದಿರಲಿ ಅಂತ. ತೋರುಬೆರಳು, ಕಿರುಬೆರಳು ಎತ್ತಿ, ನಡುವಿನ ಎರಡನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿಯಬೇಕು. ಭಾವ ಹೆಬ್ಬೆರಳನ್ನೂ ಚಾಚಿದ್ದರು. ಹಾಗೆ ಮಾಡಿದರೆ ಅಮೆರಿಕದ ಸಂಜ್ಞೆ ಭಾಷೆಯಲ್ಲಿ 'ನಿನ್ನನ್ನು ಪ್ರೀತಿಸುತ್ತೇನೆ' ಅಂತ. ಗಂಟೆಗಟ್ಟಲೆ ಅವರು ಗಡ್ಡದ ಗಿಟಾರಿಸ್ಟ್‌ಗೆ ಇದನ್ನೇ ಹೇಳುತ್ತಿದ್ದರು, ಅದೂ ನೀಲಿಯಾಗಿ ಹೊಳೆಯುತ್ತಾ. ಅವನು ಒಮ್ಮೆ ಇತ್ತ ನೋಡಿ ವೇದಿಕೆಯ ಆ ಬದಿಗೆ ಹೋದ. ಕಾರಣ ಬೇರೆಯೂ ಇರಬಹುದು.

ಮುಂದೆ ಮಾಶ್ ಪಿಟ್ ಶುರುವಾಯಿತು. ಜನ ಒಬ್ಬರನ್ನೊಬ್ಬರು ತಳ್ಳಿಕೊಂಡು ಢಿಕ್ಕಿ ಹೊಡೆಯುವ ಆಟ. ಕಾರ್ನೆಲ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಇಂಥ ವೀಡಿಯೊಗಳನ್ನು ಕೂತು ನೋಡಿ, ಜನ ಅನಿಲದ ಕಣಗಳ ಲೆಕ್ಕದಲ್ಲೇ ಓಡಾಡುತ್ತಾರೆ ಅಂತ 2013ರಲ್ಲಿ ಫಿಸಿಕಲ್ ರಿವ್ಯೂ ಲೆಟರ್ಸ್‌ನಲ್ಲಿ ಬರೆದರು. ಪ್ರೋಗ್ ಹಾಡಿಗೆ ನಡೆಯುವ ಪಿಟ್ ಅನ್ನು ಅವರು ಬೇರೆಯಾಗಿ ನೋಡಬೇಕಿತ್ತು. ಕಣಗಳು ಜೋರಾಗಿ ಓಡುತ್ತಿದ್ದಾಗ ತಾಳ ಐದಕ್ಕೆ ತಿರುಗಿತು. ಎಲ್ಲ ಕಣಗಳೂ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡವು. ಒಬ್ಬ ಬೆರಳಲ್ಲಿ ಎಣಿಸಿದ. ಎಣಿಸಿ ಮುಗಿಯುವಷ್ಟರಲ್ಲಿ ತಾಳ ಇನ್ನೆಲ್ಲೋ ಹೋಗಿತ್ತು. ಈ ಗೊಂದಲದಲ್ಲಿ ನನ್ನ ಕನ್ನಡಕ ಬಿತ್ತು. ಹೊರಗಿಂದ ಗೂಂಡಾಗಳು ಅನಿಸುವ ಈ ಜನರ ಒಂದು ಒಳ್ಳೆಯ ಗುಣ ಏನೆಂದರೆ, ಬಿದ್ದವರನ್ನು ತಕ್ಷಣ ಎತ್ತುತ್ತಾರೆ. ಆರಡಿ ಮನುಷ್ಯರು ಸುತ್ತ ಕೈ ಅಗಲಿಸಿ ನಿಂತರು, ಮೈತುಂಬ ಹಚ್ಚೆ ಇದ್ದವನೊಬ್ಬ ಮಂಡಿಯೂರಿ ಕನ್ನಡಕ ಹುಡುಕಿ, ತನ್ನ ಟೀ ಶರ್ಟಿನಲ್ಲಿ ಒರೆಸಿ ಕೊಟ್ಟ. ಟೀ ಶರ್ಟ್ ಬೆವರಲ್ಲಿ ನೆನೆದಿತ್ತು. ಆಮೇಲಿನ ಅರ್ಧ ಗಂಟೆ ನನಗೆ ಬ್ಯಾಂಡ್ ಮಂಜಿನಲ್ಲಿ ಕಂಡಿತು. ಆದರೂ ಉಪಕಾರ ಉಪಕಾರವೇ.

ತಲೆ ಆಡಿಸುವುದರ ಬಗ್ಗೆಯೂ ಸಂಶೋಧನೆ ಇದೆ. 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಇಂಥ ಹಾಡುಗಳ ಸರಾಸರಿ ವೇಗ ನಿಮಿಷಕ್ಕೆ 146 ಏಟು, ಆ ವೇಗದಲ್ಲಿ ತಲೆ 75 ಡಿಗ್ರಿಗಿಂತ ಜಾಸ್ತಿ ಆಡಿದರೆ ಪೆಟ್ಟಾಗಬಹುದು ಅಂತ. ಅವರೇ ಕೊಟ್ಟ ಒಂದು ಸಲಹೆ: ಪ್ರತಿ ಏಟಿಗೂ ಬೇಡ, ಎರಡು ಏಟಿಗೊಮ್ಮೆ ಆಡಿಸಿ. ಏಳರ ತಾಳದಲ್ಲಿ ಇದನ್ನು ಮಾಡಿ ನೋಡಿ. ಮೊದಲ ಸುತ್ತಿನಲ್ಲಿ ಒಂದು, ಮೂರು, ಐದು, ಏಳಕ್ಕೆ ತಲೆ ಬಗ್ಗುತ್ತದೆ. ಮುಂದಿನ ಸುತ್ತಿನಲ್ಲಿ ಎರಡು, ನಾಲ್ಕು, ಆರಕ್ಕೆ. ನಾನು ಬಗ್ಗಿದಾಗ ಮುಂದಿನವನು ಏಳುತ್ತಿದ್ದ. ಅವನ ಕೂದಲು ಸೊಂಟದವರೆಗೆ ಇತ್ತು. ಅದರಲ್ಲಿ ಅರ್ಧ ಪ್ರತಿ ಎರಡನೇ ಸುತ್ತಿಗೆ ನನ್ನ ಬಾಯಿಗೆ ಬರುತ್ತಿತ್ತು. ಬಾಯಿ ಮುಚ್ಚಿಕೊಂಡರೆ ಎಣಿಸೋಕೆ ಆಗುವುದಿಲ್ಲ.

ಟಾಯ್ಲೆಟ್ಟಿಗೆ ಯಾವಾಗ ಹೋಗಬೇಕು ಅನ್ನುವುದೂ ಇಲ್ಲಿ ಸುಲಭದ ಪ್ರಶ್ನೆ ಅಲ್ಲ. ಬೇರೆ ಕಾನ್ಸರ್ಟ್‌ಗಳಲ್ಲಿ ಜನ ಡ್ರಮ್ ಸೋಲೋ, ಅಂದರೆ ಡ್ರಮ್ಮರ್ ಒಬ್ಬನೇ ಬಾರಿಸುವ ಭಾಗ, ಬಂದಾಗ ಹೋಗುತ್ತಾರೆ. ನಾವು ಬಂದಿರುವುದೇ ಅದಕ್ಕೆ. ಭಾವ ಒಂದು ಹಾಡಿನ ಶುರುವಿಗೆ ಹೊರಟರು. ಸಾಲಲ್ಲಿ ನಿಂತು, ಕೆಲಸ ಮುಗಿಸಿ, ಕೈ ತೊಳೆದು, ಅಕ್ಕನಿಗೆ ಫೋನ್ ಮಾಡಿ ಬಂದರು.

"ಎಷ್ಟು ಹಾಡು ಆಯ್ತು?"

"ಅದೇ ಹಾಡು ಭಾವ. ಎರಡನೇ ಭಾಗ."

ಅವರು ನನ್ನನ್ನೂ ವೇದಿಕೆಯನ್ನೂ ಒಂದು ಸಲ ನೋಡಿದರು. ಆಮೇಲೆ ಏನೂ ಮಾತಾಡದೆ ಹಿಂದಕ್ಕೆ ನಡೆದರು, ಎಲ್ಲಾದರೂ ಒರಗಿಕೊಳ್ಳೋಕೆ.

ಹಾಲ್‌ನ ಹಿಂಭಾಗದಲ್ಲಿ ಸೌಂಡ್ ಇಂಜಿನಿಯರ್ ಕೂರುವ ಮೇಜು ಇರುತ್ತದೆ. ಸುತ್ತ ಕಬ್ಬಿಣದ ಬೇಲಿ. ಒರಗಲು ಅದೊಂದೇ ಜಾಗ. ಇಂಜಿನಿಯರ್ ಸದ್ದನ್ನು ಹದ ಮಾಡುವುದು ತಾನು ಕೂತ ಕಡೆ ಕೇಳಿಸುವುದನ್ನು ನೋಡಿಕೊಂಡು. ಹಾಗಾಗಿ ಇಡೀ ಹಾಲ್‌ನಲ್ಲಿ ಅತಿ ಚೆನ್ನಾಗಿ ಕೇಳಿಸುವ ಜಾಗವೂ ಅದೇ. ಬಲ್ಲವರು ಅಲ್ಲಿ ನಿಲ್ಲೋಕೆ ಬೇಗ ಬರುತ್ತಾರೆ. ಭಾವನಿಗೆ ಅದು ಬೆನ್ನು ನೋವಿಗೆ ಸಿಕ್ಕಿತು. ನಾನೋ ಮುಂದುಗಡೆ ಬೇಸಿನ ಗುಡುಗಿನಲ್ಲಿ, ಪರರ ಕೂದಲಿನಲ್ಲಿ, ಮಂಜು ಕನ್ನಡಕದಲ್ಲಿ ಮುಳುಗಿದ್ದೆ.

ಕೊನೆಗೆ ದೀಪ ಆರಿತು. ಬ್ಯಾಂಡ್ ಕೈ ಬೀಸಿ ಒಳಗೆ ಹೋಯಿತು. ಇನ್ನೊಂದು ಹಾಡು ಬೇಕು ಅಂತ ಎಲ್ಲರೂ ಕಾಲು ಬಡಿದು ಕೂಗತೊಡಗಿದರು. ನಾನು ಹಿಂದಕ್ಕೆ ಬಂದು ಭಾವನ ಪಕ್ಕ ನಿಂತು ಗಂಟಲು ಹರಿಯುವಷ್ಟು ಕೂಗಿದೆ.

"ಸುಮ್ನೆ ಯಾಕೆ ಕಿರುಚ್ತೀಯ? ಬರ್ತಾರೆ" ಅಂದರು ಭಾವ, "ಇಲ್ಲಿ ಬರೆದಿದೆ."

ಅವರ ಕೈಯಲ್ಲಿ ಸೆಟ್‌ಲಿಸ್ಟ್ ಇತ್ತು. ಅವತ್ತಿನ ಹಾಡುಗಳ ಪಟ್ಟಿ, ಬ್ಯಾಂಡಿನವರು ವೇದಿಕೆಗೆ ಟೇಪ್ ಹಾಕಿ ಅಂಟಿಸಿಕೊಳ್ಳುವಂಥದು. ಇದಕ್ಕಾಗಿ ಮುಂದಿನ ಸಾಲಿನಲ್ಲಿ ಜನ ಕೈ ಚಾಚಿ ಕಾಯುತ್ತಾರೆ, ಸಿಕ್ಕರೆ ಫ್ರೇಮ್ ಹಾಕಿಸುತ್ತಾರೆ. ನನಗೆ ಇವತ್ತಿನವರೆಗೂ ಸಿಕ್ಕಿಲ್ಲ. ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ಭಾವ ಇಂಜಿನಿಯರ್‌ನ ಕೇಳಿದರಂತೆ. ಅವನು ತನ್ನ ಹತ್ತಿರ ಇದ್ದ ಪ್ರತಿಯನ್ನೇ ಕೊಟ್ಟನಂತೆ. ಆದ ಹಾಡಿಗೆಲ್ಲ ಭಾವ ಜೇಬಿನ ಪೆನ್ನಲ್ಲಿ ಟಿಕ್ ಹಾಕಿದ್ದರು. ಪಕ್ಕದಲ್ಲಿ ಎಷ್ಟು ನಿಮಿಷ ಅಂತಲೂ ಬರೆದಿದ್ದರು. ಒಂದರ ಮುಂದೆ 23 ಅಂತ ಬರೆದು ಅಡಿಗೆರೆ ಎಳೆದಿದ್ದರು.

"ಈ ಕಾಗದ ನನಗೆ ಕೊಡಿ ಭಾವ."

"ಇರೋ, ಇನ್ನೂ ಒಂದು ಬಾಕಿ ಇದೆ."

ಮುಗಿದ ಮೇಲೆ ಪಾರ್ಕಿಂಗ್‌ಗೆ ನಡೆಯುವಾಗ ಗುರುತು ಪರಿಚಯ ಇಲ್ಲದ ಕಪ್ಪು ಟೀ ಶರ್ಟಿನವರು ಭಾವನನ್ನು ತಡೆದು, "ಕೀ ಸಿಕ್ತಾ ಸಾರ್?" ಅಂತ ಕೇಳುತ್ತಿದ್ದರು. ಭಾವ ಪ್ರತಿಯೊಬ್ಬರಿಗೂ ಕೀ ಎತ್ತಿ ತೋರಿಸಿದರು, ಅವರು ಕೊಂಬು ತೋರಿಸಿದರು. ಇಷ್ಟು ವರ್ಷ ಈ ಸಂಗೀತ ಕೇಳಿದ ನನ್ನನ್ನು ಒಬ್ಬರೂ ಮಾತಾಡಿಸಲಿಲ್ಲ.

ಮನೆಯಲ್ಲಿ ಅಕ್ಕ ಎದ್ದೇ ಇದ್ದಳು. ನನಗೆ ಕತ್ತು ತಿರುಗಿಸಲು ಆಗುತ್ತಿರಲಿಲ್ಲ, ಹಾಗಾಗಿ ಅವಳ ಕಡೆಗೆ ಇಡೀ ಮೈ ತಿರುಗಿಸಿ ನಿಂತೆ.

"ಎಷ್ಟು ಹಾಡು ಹಾಡಿದ್ರು?" ಕೇಳಿದಳು.

ಭಾವ ಪಟ್ಟಿ ಬಿಡಿಸಿ, ಕನ್ನಡಕ ಏರಿಸಿಕೊಂಡು ನೋಡಿದರು. "ಎಂಟು."

"ಇಷ್ಟು ಹೊತ್ತಿಗೆ ಬರೀ ಎಂಟಾ? ಮಧ್ಯ ಮಧ್ಯ ಏನ್ ಮಾಡ್ತಿದ್ರು?"

"ಮಧ್ಯ ಅಂತ ಬೇರೆ ಇರಲ್ಲ ಕಣೇ," ಅಂದರು ಭಾವ. "ಪೂರ್ತಿ ಮಧ್ಯಾನೇ."